ಡುಕಾಟಿಯ ‘ಡಾಕ್ಟರ್ ಟಿ’: ಸ್ಪ್ರಿಂಗ್ ಮುರಿಯದ ಎಂಜಿನ್, ಮುಗಿಯದ ಸರ್ವಿಸ್ ಬಿಲ್

ಇಟಲಿಯ ಬೈಕು ನೋಡೋಕೆ ಚೆಂದ, ನಂಬೋಕೆ ಕಷ್ಟ ಅನ್ನುವ ಮಾತು ಜಗತ್ತಿನ ಎಲ್ಲ ಕಡೆ ಚಾಲ್ತಿಯಲ್ಲಿದೆ. ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಅಂತ ತಿಳಿಯಬೇಕಾದರೆ ಡುಕಾಟಿಯ ಎಂಜಿನಿಯರ್ ಫಾಬಿಯೋ ತಾಲ್ಯೋನಿ ಅವರ ಬದುಕನ್ನು ನೋಡಬೇಕು.

ಎಂಬತ್ತರ ದಶಕದಲ್ಲಿ ಮನೆಯಲ್ಲಿ ಸ್ಕೂಟರ್ ಇದ್ದವರಿಗೆ ಒಂದು ದೃಶ್ಯ ನೆನಪಿರುತ್ತೆ. ಬೆಳಗ್ಗೆ ಆಫೀಸಿಗೆ ಹೊರಟ ಅಪ್ಪ ನಾಲ್ಕು ಸಲ ಕಿಕ್ ಹೊಡೆಯೋದು, ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ, ನೆಟ್ಟಗೆ ನಿಲ್ಲಿಸಿ, ಮತ್ತೆ ಕಿಕ್ ಹೊಡೆಯೋದು. ಬಜಾಜ್ ಕಂಪನಿ ಇಟಲಿಯ ಪಿಯಾಜಿಯೋದಿಂದ ಲೈಸೆನ್ಸ್ ಪಡೆದು ಮೊದಲು ವೆಸ್ಪಾ ತಯಾರಿಸಿತ್ತು, ಲೈಸೆನ್ಸ್ ಮುಗಿದ ಮೇಲೆ ಅದೇ ಅಚ್ಚಿನಲ್ಲಿ ಚೇತಕ್ ತಂದಿತು. ಯಾಕೆ ವಾಲಿಸಬೇಕು ಅಂತ ಯಾರೂ ಕೇಳುತ್ತಿರಲಿಲ್ಲ. ಗಾಡಿಯ ಗುಣವೇ ಅಷ್ಟು ಅಂತ ಎಲ್ಲರೂ ಒಪ್ಪಿಕೊಂಡಿದ್ದರು.

ಇಟಲಿಯ ಮೋಟಾರ್ ಸೈಕಲ್ ಇಟ್ಟುಕೊಂಡವರ ಕತೆಯೂ ಇದೇ, ಇನ್ನೂ ಸ್ವಲ್ಪ ಜಾಸ್ತಿ. ಅಲ್ಲಿ ಗಾಡಿಯ ಗುಣ ತಿಳಿದರೆ ಸಾಲದು, ಅದಕ್ಕೆ ಹೊತ್ತು ಹೊತ್ತಿಗೆ ಆರೈಕೆ ಬೇಕು, ಜೇಬಿನಲ್ಲಿ ದುಡ್ಡೂ ಬೇಕು. ಈ ಕೆಟ್ಟ ಹೆಸರು ಹೆಚ್ಚಾಗಿ ಅಂಟಿಕೊಂಡಿದ್ದು ಡುಕಾಟಿಗೆ. ಆ ಕಂಪನಿಯ ಎಂಜಿನ್‌ಗಳನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗದದ ಮೇಲೆ ಗೆರೆ ಎಳೆದು ರೂಪಿಸಿದವರು ತಾಲ್ಯೋನಿ. ಬೈಕ್ ಪ್ರಿಯರ ಬಾಯಲ್ಲಿ ಅವರು ‘ಡಾಕ್ಟರ್ ಟಿ’. ವಿಚಿತ್ರ ಏನೆಂದರೆ, ಇವತ್ತು ಮಾಲೀಕರು ಯಾವ ವ್ಯವಸ್ಥೆಯನ್ನು ನೆನೆದು ಸರ್ವಿಸ್ ಬಿಲ್ಲಿಗೆ ಹೆದರುತ್ತಾರೋ, ತಾಲ್ಯೋನಿ ಅದನ್ನು ಕಟ್ಟಿದ್ದು ಎಂಜಿನ್ ಮುರಿಯಬಾರದು ಅಂತಲೇ.

ಲೂಗೋದಿಂದ ಬೊಲೋನ್ಯಕ್ಕೆ

ತಾಲ್ಯೋನಿ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಇಟಲಿಯ ರೊಮಾನ್ಯ ಸೀಮೆಯ ಲೂಗೋ ಎಂಬ ಪಟ್ಟಣದಲ್ಲಿ. ಮೊದಲ ಮಹಾಯುದ್ಧದ ವಿಮಾನ ವೀರ ಫ್ರಾಂಚೆಸ್ಕೋ ಬರಾಕ್ಕಾ ಹುಟ್ಟಿದ ಊರೂ ಅದೇ. ಅವನ ವಿಮಾನದ ಮೇಲಿದ್ದ ಜಿಗಿಯುವ ಕುದುರೆಯೇ ಮುಂದೆ ಫೆರಾರಿ ಕಾರಿನ ಗುರುತಾಯಿತು. ಆ ಸೀಮೆಯಲ್ಲಿ ಎಂಜಿನ್ ಹುಚ್ಚು ಅನ್ನೋದು ನಮ್ಮ ಕಡೆಯ ಕಂಬಳದ ಹುಚ್ಚಿನ ಹಾಗೆ, ಊರಿಗೆ ಊರೇ ಅದರಲ್ಲಿ ಮುಳುಗಿರುತ್ತೆ.

ಎರಡನೇ ಮಹಾಯುದ್ಧ ಓದಿಗೆ ಅಡ್ಡ ಬಂತು. ಎಂಜಿನಿಯರಿಂಗ್ ಪದವಿ ಕೈಗೆ ಸಿಕ್ಕಿದ್ದು 1948ರಲ್ಲಿ. ಯುದ್ಧದಿಂದ ಜರ್ಜರಿತವಾದ ಇಟಲಿಯಲ್ಲಿ ಜನರ ಕೈಗೆ ಎಟುಕುತ್ತಿದ್ದದ್ದು ಸಣ್ಣ ಎಂಜಿನ್ ಮಾತ್ರ. ತಾಲ್ಯೋನಿ ರೂಪಿಸಿದ 75 ಸಿಸಿಯ ಎಂಜಿನ್ ಚೆಕ್ಕಾತೋ ಎಂಬ ಕಂಪನಿಗೆ ಹೋಯಿತು. ಆಮೇಲೆ ಅವರು ರೇಸಿನಲ್ಲಿ ಹೆಸರು ಮಾಡಿದ್ದ ಮೊಂಡಿಯಾಲ್ ಕಂಪನಿಯಲ್ಲಿ ಕೆಲಸ ಮಾಡಿದರು. 1954ರ ಮೇ ತಿಂಗಳಲ್ಲಿ ಬೊಲೋನ್ಯ ನಗರದ ಬೊರ್ಗೋ ಪನಿಗಾಲೆಯಲ್ಲಿದ್ದ ಡುಕಾಟಿ ಕಾರ್ಖಾನೆಗೆ ಸೇರಿದರು.

ಡುಕಾಟಿ ಹುಟ್ಟಿನಿಂದ ಬೈಕ್ ಕಂಪನಿಯೇ ಅಲ್ಲ. 1926ರಲ್ಲಿ ಶುರುವಾದಾಗ ಅದು ತಯಾರಿಸುತ್ತಿದ್ದದ್ದು ರೇಡಿಯೋದ ಬಿಡಿಭಾಗಗಳನ್ನು. 1944ರ ಅಕ್ಟೋಬರ್‌ನಲ್ಲಿ ಬಾಂಬ್ ದಾಳಿಗೆ ಕಾರ್ಖಾನೆ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಸೈಕಲ್ಲಿಗೆ ಸಿಕ್ಕಿಸುವ ‘ಕುಚ್ಚೋಲೋ’, ಅಂದರೆ ನಾಯಿಮರಿ, ಅನ್ನುವ ಪುಟ್ಟ ಎಂಜಿನ್ ಮಾರಿ ಕಂಪನಿ ಮತ್ತೆ ಉಸಿರಾಡಿತು. ಅಷ್ಟರಲ್ಲಿ ಅದು ಸರ್ಕಾರದ ಹಿಡಿತಕ್ಕೆ ಬಂದಿತ್ತು. ಈ ಕೊನೆಯ ಸಂಗತಿ ನೆನಪಿನಲ್ಲಿರಲಿ, ಮುಂದಿನ ಕತೆಯಲ್ಲಿ ಇದರ ಪಾತ್ರ ದೊಡ್ಡದು.

ಹೊಸ ಎಂಜಿನಿಯರಿಗೆ ಕೊಟ್ಟ ಮೊದಲ ಕೆಲಸ ರೇಸ್ ಗೆಲ್ಲುವ ಸಣ್ಣ ಬೈಕ್ ಮಾಡೋದು. ಆಗ ಇಟಲಿಯಲ್ಲಿ ‘ಮೋಟೋಜಿರೋ’ ಅನ್ನುವ ರೇಸ್ ನಡೀತಿತ್ತು. ಅದು ಟ್ರ್ಯಾಕಿನ ರೇಸಲ್ಲ. ಸಾಮಾನ್ಯ ರಸ್ತೆಯಲ್ಲಿ, ಹಲವು ದಿನ, ಊರೂರು ಸುತ್ತುವ ಓಟ. ವೇಗ ಇದ್ದರೆ ಸಾಲದು, ಕೊನೆಯ ದಿನದವರೆಗೂ ಗಾಡಿ ಕೈಕೊಡಬಾರದು. ತಾಲ್ಯೋನಿಯವರ 98 ಸಿಸಿಯ ‘ಮರಿಯಾನ್ನಾ’ 1955ರಲ್ಲಿ ತನ್ನ ವರ್ಗದಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. ಡುಕಾಟಿ ಮೊದಲು ಹೆಸರು ಮಾಡಿದ್ದೇ ಬಾಳಿಕೆಯ ಪರೀಕ್ಷೆಯಲ್ಲಿ ಅನ್ನೋದನ್ನು ಇವತ್ತು ಯಾರೂ ನೆನೆಯೋದಿಲ್ಲ.

ಸ್ಪ್ರಿಂಗ್ ಎಂಬ ತಲೆನೋವು

ಆ ಕಾಲದ ಎಂಜಿನಿಯರುಗಳ ನಿದ್ದೆ ಕೆಡಿಸಿದ್ದು ವಾಲ್ವ್ ಸ್ಪ್ರಿಂಗ್. ಎಂಜಿನ್ ಒಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಬರಲು ಒಂದು ಬಾಗಿಲು, ಹೊಗೆ ಹೋಗಲು ಇನ್ನೊಂದು ಬಾಗಿಲು ಇರುತ್ತೆ. ಅವೇ ವಾಲ್ವ್‌ಗಳು. ಕ್ಯಾಮ್ ಅನ್ನುವ ಮೊಟ್ಟೆಯಾಕಾರದ ಭಾಗ ತಿರುಗುತ್ತಾ ಬಾಗಿಲನ್ನು ತಳ್ಳಿ ತೆಗೆಯುತ್ತೆ, ಸ್ಪ್ರಿಂಗ್ ಅದನ್ನು ಮುಚ್ಚುತ್ತೆ. ನಿಧಾನಕ್ಕೆ ಓಡುವಾಗ ತೊಂದರೆಯಿಲ್ಲ. ಆದರೆ ರೇಸಿನಲ್ಲಿ ಎಂಜಿನ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ ಸ್ಪ್ರಿಂಗಿಗೆ ಆ ವೇಗ ಹಿಡಿಯೋಕೆ ಆಗಲ್ಲ. ಬಾಗಿಲು ಮುಚ್ಚುವ ಮೊದಲೇ ಪಿಸ್ಟನ್ ಮೇಲೆ ಬಂದು ಗುದ್ದುತ್ತೆ. ಐವತ್ತರ ದಶಕದ ಉಕ್ಕಿನ ಗುಣಮಟ್ಟವೂ ಅಷ್ಟಕ್ಕಷ್ಟೇ, ಸ್ಪ್ರಿಂಗ್ ಸೀದಾ ಮುರಿದೇ ಹೋಗುತ್ತಿತ್ತು. ಸ್ಪ್ರಿಂಗ್ ಮುರಿದರೆ ಎಂಜಿನ್ ಕತೆ ಮುಗೀತು.

ತಾಲ್ಯೋನಿ ಸ್ಪ್ರಿಂಗನ್ನು ನೆಚ್ಚಿಕೊಳ್ಳುವುದನ್ನೇ ಬಿಟ್ಟರು. ಬಾಗಿಲು ತೆಗೆಯಲು ಒಂದು ಕ್ಯಾಮ್ ಇದ್ದ ಹಾಗೆ ಮುಚ್ಚಲೂ ಒಂದು ಕ್ಯಾಮ್ ಇಟ್ಟರು. ತಳ್ಳುವ ಕೈ ಒಂದು, ಎಳೆಯುವ ಕೈ ಇನ್ನೊಂದು. ಇದನ್ನು ಡೆಸ್ಮೋಡ್ರೊಮಿಕ್ ಅಂತಾರೆ, ಬಾಯಿಮಾತಿನಲ್ಲಿ ಡೆಸ್ಮೋ. ಗ್ರೀಕಿನಲ್ಲಿ ಡೆಸ್ಮೋಸ್ ಅಂದರೆ ಕಟ್ಟು, ಬಂಧ. ಐಡಿಯಾ ಅವರದ್ದೇನಲ್ಲ. 1914ರಲ್ಲೇ ಫ್ರಾನ್ಸಿನ ಡೆಲಾಜ್ ರೇಸ್ ಕಾರಿನಲ್ಲಿ ಪ್ರಯೋಗ ನಡೆದಿತ್ತು, 1954-55ರ ಮರ್ಸಿಡಿಸ್ ರೇಸ್ ಕಾರುಗಳೂ ಇದನ್ನು ಬಳಸಿದ್ದವು. ಉಳಿದವರು ಮಾಡಿ ಬಿಟ್ಟರು, ತಾಲ್ಯೋನಿ ಹಿಡಿದುಕೊಂಡರು. ಅವರ ಹೆಚ್ಚುಗಾರಿಕೆ ಅದು.

1956ರ ಜುಲೈನಲ್ಲಿ ಸ್ವೀಡನ್ನಿನಲ್ಲಿ 125 ಸಿಸಿಯ ಡೆಸ್ಮೋ ಬೈಕ್ ತನ್ನ ಮೊದಲ ರೇಸಿನಲ್ಲೇ ಗೆದ್ದಿತು. ಓಡಿಸಿದವರು ಜಾನ್ನಿ ದೆಲಿ ಅಂತೋನಿ. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ, ಕೆಲವೇ ವಾರಗಳಲ್ಲಿ ಮೊನ್ಜಾ ಟ್ರ್ಯಾಕಿನ ಅಭ್ಯಾಸದಲ್ಲಿ ಅವರು ಬಿದ್ದು ತೀರಿಕೊಂಡರು. ಎರಡು ವರ್ಷದ ನಂತರ, 1958ರಲ್ಲಿ, ಅದೇ ಮೊನ್ಜಾದಲ್ಲಿ 125 ಸಿಸಿ ವರ್ಗದ ಮೊದಲ ಐದು ಸ್ಥಾನಗಳೂ ಡುಕಾಟಿಗೆ ಬಂದವು.

ಹೋಂಡಾ ಕೊಟ್ಟ ಬೇರೆ ಉತ್ತರ

ಮಾರನೇ ವರ್ಷ, 1959ರಲ್ಲಿ, ಜಪಾನಿನ ಹೋಂಡಾ ಯುರೋಪಿನ ರೇಸಿಗೆ ಕಾಲಿಟ್ಟಿತು. 1961ರ ಹೊತ್ತಿಗೆ 125 ಮತ್ತು 250 ಸಿಸಿ ಎರಡರಲ್ಲೂ ವಿಶ್ವ ಚಾಂಪಿಯನ್ ಆಯಿತು. ಸ್ಪ್ರಿಂಗಿನ ಸಮಸ್ಯೆ ಹೋಂಡಾಕ್ಕೂ ಇತ್ತು. ಅವರು ಸ್ಪ್ರಿಂಗ್ ತೆಗೆಯಲಿಲ್ಲ. ಎರಡು ದೊಡ್ಡ ವಾಲ್ವ್ ಬದಲು ನಾಲ್ಕು ಸಣ್ಣ ವಾಲ್ವ್ ಇಟ್ಟರು. ಬಾಗಿಲು ಹಗುರಾದರೆ ಸ್ಪ್ರಿಂಗಿನ ಮೇಲಿನ ಭಾರ ತಾನಾಗಿಯೇ ಇಳಿಯುತ್ತೆ ಅನ್ನೋದು ಅವರ ಲೆಕ್ಕ.

ಒಂದೇ ಕಾಯಿಲೆಗೆ ಎರಡು ಔಷಧ. ಎರಡೂ ಕೆಲಸ ಮಾಡಿದವು. ಆದರೆ ಗಾಡಿ ಕೊಂಡವರ ಮನೆಗೆ ಬಂದಾಗ ವ್ಯತ್ಯಾಸ ಗೊತ್ತಾಯಿತು. ಸ್ಪ್ರಿಂಗ್ ಇರುವ ಎಂಜಿನ್ನಿನಲ್ಲಿ ಪ್ರತಿ ವಾಲ್ವಿಗೆ ಒಂದು ಸಂದು ನೋಡಿ ಸರಿಮಾಡಿದರೆ ಆಯಿತು, ನಮ್ಮ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ಟಿಂಗ್ ಅನ್ನೋದು ಅದನ್ನೇ. ಡೆಸ್ಮೋದಲ್ಲಿ ತೆಗೆಯುವ ಕಡೆ ಒಂದು ಸಂದು, ಮುಚ್ಚುವ ಕಡೆ ಇನ್ನೊಂದು. ಎರಡು ಸಿಲಿಂಡರ್, ಎಂಟು ವಾಲ್ವ್ ಇರುವ ಡುಕಾಟಿಯಲ್ಲಿ 16 ಕಡೆ ಅಳತೆ ನೋಡಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೆ ಅಲ್ಲಿರುವ ತೆಳು ಬಿಲ್ಲೆಯನ್ನು ತೆಗೆದು ಸರಿಯಾದ ದಪ್ಪದ್ದನ್ನು ಹಾಕಬೇಕು. ಕೈ ಪಳಗಿರಬೇಕು, ತಾಳ್ಮೆ ಬೇಕು, ಗಂಟೆಗಟ್ಟಲೆ ಹೊತ್ತು ಬೇಕು. ಆ ಹೊತ್ತಿಗೆ ದುಡ್ಡು ಕೊಡುವವರು ಮಾಲೀಕರು.

ರೇಸ್ ತಂಡದಲ್ಲಿ ಇದು ಲೆಕ್ಕಕ್ಕೇ ಇಲ್ಲ, ಅಲ್ಲಿ ಪ್ರತಿ ವಾರ ಎಂಜಿನ್ ಬಿಚ್ಚುತ್ತಾರೆ. ಆದರೆ 1968ರಲ್ಲಿ ತಾಲ್ಯೋನಿ ಡೆಸ್ಮೋವನ್ನು ರಸ್ತೆ ಬೈಕಿಗೂ ತಂದರು. ರೇಸಿನವರ ಶಿಸ್ತು ಅಂದಿನಿಂದ ಸಾಮಾನ್ಯ ಗ್ರಾಹಕನ ಮನೆ ಬಾಗಿಲಿಗೆ ಬಂತು.

ಗೆಲುವಿನ ಬೈಕು, ಟ್ಯಾಂಕಿನೊಳಗಿನ ನೊಣ

1970ರ ಮಾರ್ಚ್‌ನಲ್ಲಿ ಅವರು ಹೊಸ ಎಂಜಿನ್ನಿನ ನಕ್ಷೆ ಬರೆದರು. ಎರಡು ಸಿಲಿಂಡರ್, ನಡುವೆ 90 ಡಿಗ್ರಿ ಕೋನ, ಒಂದು ಹೆಚ್ಚುಕಡಿಮೆ ನೆಟ್ಟಗೆ, ಇನ್ನೊಂದು ಮುಂದಕ್ಕೆ ಮಲಗಿದ ಹಾಗೆ. ಈ ಕೋನದಿಂದ ನಡುಕ ಕಡಿಮೆ, ಎಂಜಿನ್ ತೆಳ್ಳಗಿರುತ್ತೆ, ಗಾಳಿಯೂ ಚೆನ್ನಾಗಿ ತಾಗುತ್ತೆ. ಮಾರನೇ ವರ್ಷ ಅದು 750 ಜಿಟಿ ಹೆಸರಿನಲ್ಲಿ ಮಾರಾಟಕ್ಕೆ ಬಂತು.

1972ರ ಏಪ್ರಿಲ್ 23ರಂದು ಇಮೋಲಾದಲ್ಲಿ 200 ಮೈಲಿಯ ರೇಸ್. ಎದುರಿಗೆ ಎಂವಿ ಅಗುಸ್ಟಾ ಬೈಕಿನ ಮೇಲೆ ಅಗೋಸ್ಟಿನಿ. ಆದರೂ ಡುಕಾಟಿಯ ಪಾಲ್ ಸ್ಮಾರ್ಟ್ ಮೊದಲು, ಬ್ರೂನೋ ಸ್ಪಜ್ಜಾರಿ ಎರಡನೆಯವರು. ಡೆಸ್ಮೋ ಟ್ವಿನ್ ಅಂದು ಜಗತ್ತಿಗೆ ಗೊತ್ತಾಯಿತು. ಆ ಗೆಲುವಿನ ನೆನಪಿಗೆ 1974ರಲ್ಲಿ 750 ಸೂಪರ್ ಸ್ಪೋರ್ಟ್ ಬಂತು. ತಯಾರಾಗಿದ್ದು ಸುಮಾರು 400 ಮಾತ್ರ, ಇವತ್ತು ಹಳೇ ಬೈಕುಗಳ ಸಂಗ್ರಾಹಕರು ಅದಕ್ಕೆ ಮುಗಿಬೀಳುತ್ತಾರೆ.

ಆದರೆ ಇದೇ ಬೈಕಿನ ಸುತ್ತ ಇನ್ನೊಂದು ಕತೆಯೂ ಉಳಿದಿದೆ. ಅಮೆರಿಕದ ಮೋಟಾರ್ ಸೈಕಲ್ ಪತ್ರಿಕೆಯೊಂದರ ಪರೀಕ್ಷೆಗೆ ಬಂದ ಗಾಡಿಯ ಫೈಬರ್‌ಗ್ಲಾಸ್ ಟ್ಯಾಂಕಿನ ಪದರದೊಳಗೆ ಒಂದು ನೊಣ ಸಿಕ್ಕಿಕೊಂಡು ಹಾಗೇ ಗಟ್ಟಿಯಾಗಿತ್ತು. ಎಂಜಿನ್ ಅದ್ಭುತ, ಆದರೆ ಟ್ಯಾಂಕಿನೊಳಗೆ ನೊಣ ಇದ್ದರೂ ಕಾರ್ಖಾನೆಯಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಇಟಲಿಯ ಬೈಕುಗಳ ಬಗ್ಗೆ ಜನ ದಶಕಗಟ್ಟಲೆ ಹೇಳಿದ ದೂರೆಲ್ಲ ಆ ಒಂದು ನೊಣದಲ್ಲಿತ್ತು.

ದೂರುಗಳನ್ನು ಬಿಡಿಸಿ ನೋಡಿದರೆ ಎರಡು ರಾಶಿ ಆಗುತ್ತೆ. ಒಂದು, ತಾಲ್ಯೋನಿಯವರ ಎಂಜಿನ್ ಕೇಳುವ ಆರೈಕೆ. ಇನ್ನೊಂದು, ಆ ಎಂಜಿನ್ನಿನ ಸುತ್ತ ಇರುವ ಸಾಮಾನು. ಕೈಕೊಡುವ ಸ್ವಿಚ್ಚು, ಸಡಿಲ ವೈರಿಂಗ್, ಬೇಗ ಮಂಕಾಗುವ ಬಣ್ಣ. ಹಳೇ ಡುಕಾಟಿ ಇಟ್ಟುಕೊಂಡವರನ್ನು ಕೇಳಿದರೆ ದಾರಿ ಮಧ್ಯೆ ಗಾಡಿ ನಿಂತಿದ್ದು ಹೆಚ್ಚಾಗಿ ಈ ಎರಡನೇ ರಾಶಿಯಿಂದ ಅಂತಾರೆ. ಮೊದಲನೆಯದು ಎಂಜಿನಿಯರ್ ಬೇಕು ಅಂತಲೇ ಮಾಡಿದ ಆಯ್ಕೆ. ಎರಡನೆಯದು ಆಡಳಿತದ ಅಸಡ್ಡೆ. ಜನ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಇಟಲಿ ಅಂದರೆ ಹೀಗೇ ಅಂದುಬಿಟ್ಟರು.

ಈ ಅಸಡ್ಡೆಗೆ ಕಾರಣ ಬೊಲೋನ್ಯದ ಕಾರ್ಮಿಕರ ಸೋಮಾರಿತನ ಅಲ್ಲ. ಡುಕಾಟಿಯನ್ನು ಸರ್ಕಾರಿ ಸಂಸ್ಥೆಗಳು ಕೈಯಿಂದ ಕೈಗೆ ದಾಟಿಸುತ್ತಿದ್ದವು. ಬೈಕಿನ ಗಂಧಗಾಳಿ ಇಲ್ಲದ ಅಧಿಕಾರಿಗಳು ಬಂದು ಹೋಗುತ್ತಿದ್ದರು. ಎಪ್ಪತ್ತರ ದಶಕದ ಮಧ್ಯದಲ್ಲಿ ಅಗ್ಗದ ಪ್ಯಾರಲಲ್ ಟ್ವಿನ್ ಬೈಕ್ ಮಾಡಬೇಕು ಅಂತ ಆಡಳಿತ ಹಟ ಹಿಡಿಯಿತು. ತಾಲ್ಯೋನಿ ಅದಕ್ಕೆ ಕೈ ಹಾಕಲಿಲ್ಲ. ಬೇರೆಯವರಿಂದ ಮಾಡಿಸಿದ ಆ ಬೈಕು ಸೋತು ಮೂಲೆ ಸೇರಿತು. ಮುಂದೊಂದು ಹಂತದಲ್ಲಿ ಕಾರ್ಖಾನೆಯ ಜಾಗದಲ್ಲಿ ಡೀಸೆಲ್ ಎಂಜಿನ್ ತಯಾರಿಕೆಯೇ ಮುಖ್ಯವಾಗುವ ಸ್ಥಿತಿ ಬಂತು. ನಮ್ಮಲ್ಲಿ ಒಳ್ಳೆಯ ಸಾರ್ವಜನಿಕ ಉದ್ದಿಮೆಗಳನ್ನು ಹೂಡಿಕೆ ಇಲ್ಲದೆ ಸೊರಗಲು ಬಿಟ್ಟು, ಆಮೇಲೆ ಸರ್ಕಾರಿ ಕೆಲಸ ಅಂದರೆ ಇಷ್ಟೇ ಅಂತ ಮೂಗು ಮುರಿದದ್ದನ್ನು ಕಂಡವರಿಗೆ ಇದು ಹೊಸ ಕತೆಯಲ್ಲ.

ಈ ನಡುವೆ ಒಂದು ದಿನ ಲೆಕ್ಕ ತಲೆಕೆಳಗಾಯಿತು. 1978ರ ಜೂನ್‌ನಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿಗೆ ಹನ್ನೊಂದು ವರ್ಷದ ನಂತರ ಮೈಕ್ ಹೇಲ್‌ವುಡ್ ಮರಳಿದರು, ಡುಕಾಟಿಯ ಮೇಲೆ. ಎದುರಾಳಿ ಫಿಲ್ ರೀಡ್ ಹೋಂಡಾ ಮೇಲೆ. ಒಂದು ಸುತ್ತಿಗೆ ಸುಮಾರು 60 ಕಿ.ಮೀ.ಯಂತೆ ಆರು ಸುತ್ತು. ನಡುವೆ ನಿಂತದ್ದು ಜಪಾನಿನ ಎಂಜಿನ್, ಕೊನೆ ಮುಟ್ಟಿ ಗೆದ್ದದ್ದು ಇಟಲಿಯದ್ದು.

ಗೇರು ಹೋಗಿ ಬೆಲ್ಟು ಬಂತು

ತಾಲ್ಯೋನಿಯವರ ಹಳೆಯ ಟ್ವಿನ್ ಎಂಜಿನ್‌ಗಳಲ್ಲಿ ಕ್ಯಾಮ್ ತಿರುಗಿಸುತ್ತಿದ್ದದ್ದು ಓರೆ ಹಲ್ಲಿನ ಗೇರು ಮತ್ತು ಉಕ್ಕಿನ ಕಂಬಿ. ನೋಡೋಕೆ ಗಡಿಯಾರದ ಒಳಗಿನ ಹಾಗೆ. ಆದರೆ ಪ್ರತಿ ಎಂಜಿನ್ನಿನಲ್ಲೂ ಒಬ್ಬ ನುರಿತ ಕೆಲಸಗಾರ ಕೂತು ಗೇರಿನ ಸಂದು ಹೊಂದಿಸಬೇಕಿತ್ತು. ಇದು ಕಾರ್ಖಾನೆಗೆ ದುಬಾರಿ, ರಿಪೇರಿ ಮಾಡುವವರಿಗೆ ಪ್ರಾಣಸಂಕಟ.

ಅದನ್ನು ಬದಲಿಸಿದವರೂ ಅವರೇ. 1979ರಲ್ಲಿ ಬಂದ 500 ಸಿಸಿಯ ಪಂತಾಹ್ ಬೈಕಿನಲ್ಲಿ ಗೇರಿನ ಜಾಗಕ್ಕೆ ಹಲ್ಲಿರುವ ರಬ್ಬರ್ ಬೆಲ್ಟ್ ಬಂತು. ಶಬ್ದ ಕಡಿಮೆ, ಖರ್ಚು ಕಡಿಮೆ, ಜೋಡಣೆ ಸುಲಭ. ಸ್ವಂತ ಕೈಚಳಕವನ್ನು ತಾವೇ ಬದಿಗಿಟ್ಟು ಅಗ್ಗದ ದಾರಿ ಹಿಡಿಯೋದು ಹೆಸರು ಮಾಡಿದ ಎಂಜಿನಿಯರಿಗೆ ಸಲೀಸಲ್ಲ. ಆ ಎಂಜಿನ್ನಿನ 600 ಸಿಸಿ ರೇಸ್ ರೂಪದಲ್ಲಿ ಟೋನಿ ರಟರ್ 1981ರಿಂದ ಸತತ ನಾಲ್ಕು ವರ್ಷ ಟಿಟಿ ಫಾರ್ಮುಲಾ 2 ವಿಶ್ವ ಪ್ರಶಸ್ತಿ ಗೆದ್ದರು. 1985ರಲ್ಲಿ ಕಗೀವಾ ಕಂಪನಿಯ ಕಸ್ಟಿಲ್ಯೋನಿ ಸಹೋದರರು ಡುಕಾಟಿಯನ್ನು ಕೊಂಡಾಗ ಅವರ ಕಣ್ಣು ಬಿದ್ದಿದ್ದೂ ಇದೇ ಎಂಜಿನ್ನಿನ ಮೇಲೆ. 1993ರಲ್ಲಿ ಬಂದು ಕಂಪನಿಯ ಕೈ ಹಿಡಿದ ಮಾನ್‌ಸ್ಟರ್ ಬೈಕಿನ ಎಂಜಿನ್ ಪಂತಾಹ್‌ನ ಸಂತಾನ. ಡುಕಾಟಿಯನ್ನು ಉಳಿಸಿದ್ದು ರೇಸಿನ ಮೆರುಗಿಗಿಂತ ಹೆಚ್ಚಾಗಿ ಸುಲಭವಾಗಿ ತಯಾರಿಸಬಹುದಾದ ಈ ಸರಳ ಎಂಜಿನ್.

ಬೆಲ್ಟಿಗೂ ಅದರದ್ದೇ ಒಂದು ಬಾಬತ್ತು ಇತ್ತು. ರಬ್ಬರ್ ಹಳತಾಗುತ್ತೆ, ಗಾಡಿ ಓಡಿದರೂ ಓಡದಿದ್ದರೂ. ತೊಂಬತ್ತರ ದಶಕದ ಡುಕಾಟಿಗಳಲ್ಲಿ ಎರಡು ವರ್ಷ ಅಥವಾ 20,000 ಕಿ.ಮೀ.ಗೆ ಬೆಲ್ಟ್ ಬದಲಿಸಬೇಕಿತ್ತು, ವಾಲ್ವ್ ಸಂದನ್ನು ಸುಮಾರು 10,000 ಕಿ.ಮೀ.ಗೊಮ್ಮೆ ನೋಡಿಸಬೇಕಿತ್ತು. ಬೆಲ್ಟ್ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳು. ವರ್ಷಕ್ಕೆ ಸಾವಿರ ಕಿ.ಮೀ. ಓಡಿಸಿ ಶೆಡ್ಡಿನಲ್ಲಿ ಮುಚ್ಚಿಟ್ಟ ಸೆಕೆಂಡ್ ಹ್ಯಾಂಡ್ ಡುಕಾಟಿ ಫಳಫಳ ಹೊಳೀತಾ ಇರುತ್ತೆ. ಮೀಟರ್ ನೋಡಿ ಖುಷಿಪಟ್ಟು ಕೊಂಡವರು ಬೆಲ್ಟಿನ ವಯಸ್ಸು ಕೇಳದಿದ್ದರೆ ಮೊದಲ ಸವಾರಿಯೇ ದುಬಾರಿ ಆಗಬಹುದು. ಹಳೇ ಇಟಾಲಿಯನ್ ಬೈಕ್ ಕೊಳ್ಳುವಾಗ ಕಿಲೋಮೀಟರಿಗಿಂತ ಸರ್ವಿಸ್ ಪುಸ್ತಕ ಮುಖ್ಯ.

ಕಟ್ಟು ಬಿಚ್ಚಿದ ಮೇಲೆ

ಎಂಬತ್ತರ ದಶಕದ ಕೊನೆಯಲ್ಲಿ ತಾಲ್ಯೋನಿ ಕೆಲಸದಿಂದ ಹಿಂದೆ ಸರಿದರು. ಅವರ ಜಾಗಕ್ಕೆ ಬಂದ ಮಾಸ್ಸಿಮೋ ಬೋರ್ಡಿ ಸಿಲಿಂಡರಿಗೆ ನಾಲ್ಕು ವಾಲ್ವ್ ಇರುವ ಎಂಜಿನ್ ಮಾಡಿದರು. ಅಂದರೆ ಹೋಂಡಾ ಹಿಡಿದ ದಾರಿಯನ್ನು ಡುಕಾಟಿಯೂ ಹಿಡಿಯಿತು, ಆದರೆ ಡೆಸ್ಮೋ ಬಿಡಲಿಲ್ಲ. ತಾಲ್ಯೋನಿ ಮನೆಯಲ್ಲಿ ಆರ್ಕಿಡ್ ಹೂಗಳನ್ನು ಬೆಳೆಸುತ್ತಿದ್ದರು. ನಿತ್ಯ ಕಣ್ಣಿಟ್ಟು ನೋಡದಿದ್ದರೆ ಬಾಡುವ ಗಿಡ ಅದು. 2001ರ ಜುಲೈ 18ರಂದು, 80ನೇ ವಯಸ್ಸಿನಲ್ಲಿ, ಬೊಲೋನ್ಯದಲ್ಲಿ ತೀರಿಕೊಂಡರು.

ಕಾಲ ಕಳೆದಂತೆ ಉಕ್ಕು ಸುಧಾರಿಸಿತು, ಸ್ಪ್ರಿಂಗ್ ಮುರಿಯೋದು ಅಪರೂಪವಾಯಿತು. ಡೆಸ್ಮೋ ತಪಾಸಣೆಯ ಅವಧಿಯೂ 24,000, 30,000 ಕಿ.ಮೀ.ವರೆಗೆ ಹೋಯಿತು. ಕಡೆಗೆ 2020ರಲ್ಲಿ ಮಲ್ಟಿಸ್ಟ್ರಾಡಾ ವಿ4 ಬೈಕಿನ ಹೊಸ ಎಂಜಿನ್ನಿನಿಂದ ಡುಕಾಟಿ ಡೆಸ್ಮೋವನ್ನೇ ತೆಗೆದು ಸ್ಪ್ರಿಂಗ್ ಹಾಕಿತು. ವಾಲ್ವ್ ತಪಾಸಣೆ 60,000 ಕಿ.ಮೀ.ಗೊಮ್ಮೆ ಸಾಕು ಅಂತ ಕಂಪನಿಯೇ ಹೆಮ್ಮೆಯಿಂದ ಸಾರಿತು. 2024ರಲ್ಲಿ ಪರಿಚಯಿಸಿದ 890 ಸಿಸಿಯ ಹೊಸ ವಿ-ಟ್ವಿನ್ ಎಂಜಿನ್ನಿನಲ್ಲೂ ಡೆಸ್ಮೋ ಇಲ್ಲ. ರೇಸಿನ ಬೈಕುಗಳಲ್ಲಿ, ಪಾನಿಗಾಲೆ ವಿ4ನಲ್ಲಿ ಇನ್ನೂ ಉಳಿದಿದೆ. ಮೋಟೋಜಿಪಿಯಲ್ಲಿ ಡುಕಾಟಿ ಇವತ್ತಿಗೂ ಗೆಲ್ಲುವುದು ಡೆಸ್ಮೋ ಎಂಜಿನ್ನಿನಿಂದಲೇ.

ಅಭಿಮಾನಿಗಳು ಇದನ್ನು ದ್ರೋಹ ಅಂದರು. ಹಾಗೆ ಅನ್ನೋದು ತಾಲ್ಯೋನಿಗೆ ಮಾಡುವ ಅನ್ಯಾಯ. ಅವರಿಗೆ ಡೆಸ್ಮೋ ಒಂದು ಪೂಜೆಯ ಮೂರ್ತಿ ಆಗಿರಲಿಲ್ಲ, ಮುರಿಯುವ ಸ್ಪ್ರಿಂಗಿಗೆ ಕೊಟ್ಟ ಉತ್ತರ ಆಗಿತ್ತು. ಗೇರು ಬಿಟ್ಟು ಬೆಲ್ಟ್ ಹಿಡಿದ ಮನುಷ್ಯ ಕಾಯಿಲೆ ವಾಸಿಯಾದ ಮೇಲೂ ಔಷಧ ಕುಡೀರಿ ಅಂತ ಹಟ ಹಿಡಿಯುತ್ತಿದ್ದರು ಅಂತ ನಂಬೋಕೆ ಕಾರಣ ಇಲ್ಲ. ಕಾಯಿಲೆ ಹೋದ ಮೇಲೂ ಅದನ್ನು ಮುಂದುವರಿಸಿದ್ದು ಕಂಪನಿಯ ಬ್ರ್ಯಾಂಡು. ಅದರ ಬಿಲ್ ಕಟ್ಟಿದ್ದು ಗ್ರಾಹಕರು.

ಭಾರತದಲ್ಲಿ ಡುಕಾಟಿ ಸರ್ವಿಸ್ ಸಿಗೋದು ಬೆಂಗಳೂರಿನಂಥ ಕೆಲವೇ ದೊಡ್ಡ ಊರುಗಳಲ್ಲಿ. ಊರಿನ ಗ್ಯಾರೇಜಿನವರು ಇದಕ್ಕೆ ಕೈ ಹಾಕೋಕೆ ಹೆದರುತ್ತಾರೆ, ಪಾರ್ಟ್ಸ್ ಹೊರದೇಶದಿಂದ ಬರಬೇಕು. ಸಾಲದ್ದಕ್ಕೆ, 2000ದ ದಶಕದ ಕೆಲವು ಮಾಡೆಲ್‌ಗಳ ಪ್ಲಾಸ್ಟಿಕ್ ಟ್ಯಾಂಕ್ ಎಥನಾಲ್ ಬೆರೆತ ಪೆಟ್ರೋಲಿಗೆ ಉಬ್ಬಿ, ಅಮೆರಿಕದಲ್ಲಿ ಮಾಲೀಕರು ಕೋರ್ಟು ಮೆಟ್ಟಿಲೇರಿದ್ದರು. ಈಗ ನಮ್ಮ ಬಂಕುಗಳಲ್ಲಿ ಶೇ.20 ಎಥನಾಲ್ ಬೆರೆತ ಪೆಟ್ರೋಲೇ ಸಿಗುವುದು. ಅಂಥ ಹಳೇ ಗಾಡಿ ಇಟ್ಟುಕೊಂಡವರು ಟ್ಯಾಂಕಿನ ಮೇಲೊಂದು ಕಣ್ಣಿಡಲೇಬೇಕು. ಇದರಲ್ಲೂ ತಾಲ್ಯೋನಿಯವರ ಎಂಜಿನ್ನಿನ ತಪ್ಪಿಲ್ಲ.

ಬಾಳಿಕೆ ಅನ್ನೋದು ಯಂತ್ರದೊಳಗೆ ಮಾತ್ರ ಇರುವ ಗುಣ ಅಲ್ಲ. ಮಾಡಿದವರು, ಮಾರಿದವರು, ರಿಪೇರಿ ಮಾಡುವವರು, ಓಡಿಸುವವರು ನಾಲ್ಕೂ ಜನ ಸೇರಿ ಉಳಿಸಿಕೊಳ್ಳಬೇಕಾದದ್ದು. ತಾಲ್ಯೋನಿ ತಮ್ಮ ಪಾಲಿನ ಕೆಲಸ ಮಾಡಿ ಹೋದರು. ಎಪ್ಪತ್ತರ ದಶಕದ ಅವರ ಬೈಕುಗಳು ಐವತ್ತು ವರ್ಷ ಕಳೆದರೂ ಯುರೋಪಿನ ರಸ್ತೆಗಳಲ್ಲಿ ಇನ್ನೂ ಓಡ್ತಾ ಇವೆ. ವೈರಿಂಗ್ ಬದಲಾಗಿದೆ, ಸ್ವಿಚ್ಚು ಬದಲಾಗಿದೆ, ಟ್ಯಾಂಕು ಬದಲಾಗಿದೆ. ಒಳಗೆ ತಿರುಗುತ್ತಿರುವುದು ಮಾತ್ರ ಅವರು ಬರೆದ ಕ್ಯಾಮು.